ಮೇಲಿಂದೋ, ಕೆಳಗಿಂದೋ

"ಜ್ವರ ಅಲ್ಲಪ್ಪಾ, ಉಷ್ಣ," ಎಂದು ಜಲಜಾಕ್ಷಮ್ಮ ಮೂರನೆಯ ಸಲ ಹೇಳಿದರು.

ಮಾಸ್ಕಿನೊಳಗಿಂದ ಹೊರಟ ಆ ಮಾತು ಅಳಿಯ ಕಿರಣನಿಗೆ ಅರ್ಧ ಮಾತ್ರ ಕೇಳಿಸಿತು. ಉಳಿದರ್ಧವನ್ನು ಅವನೇ ತುಂಬಿಕೊಂಡ. ಮಲೇಷಿಯಾದ ಪುಚೊಂಗಿನ ಆ ಪುಟ್ಟ ಕ್ಲಿನಿಕ್ಕಿನ ಬಾಗಿಲಿಗೆ ಅಡ್ಡಲಾಗಿ ಮೇಜು ಹಾಕಿ, ಅದರ ಹಿಂದೆ ನೀಲಿ ಪ್ಲಾಸ್ಟಿಕ್ ನಿಲುವಂಗಿ ತೊಟ್ಟ ಹೆಂಗಸೊಬ್ಬಳು ನಿಂತಿದ್ದಳು. ಎದೆಗೆ ಅಂಟಿಸಿಕೊಂಡ ಚೀಟಿಯಲ್ಲಿ ತುಳಸಿ ಎಂದು ಹೆಸರಿತ್ತು. ಕೈಯಲ್ಲಿ ಪಿಸ್ತೂಲಿನ ಹಾಗೆ ಹಿಡಿದುಕೊಂಡ ಥರ್ಮಾಮೀಟರು.

"ಶಿ ಸೇಸ್ ಬಾಡಿ ಈಸ್ ಹಾಟ್," ಎಂದು ಕಿರಣ ಅವಳಿಗೆ ಹೇಳಿದ.

"ಬಾಡಿ ಹಾಟ್ ಮೀನ್ಸ್ ಫೀವರ್ ಲಾ, ಸರ್. ಫೀವರ್ ಕ್ಯಾನಾಟ್ ಕಮ್ ಇನ್‌ಸೈಡ್." ಆ ದೇಶದವರ ರೂಢಿಯಂತೆ ಮಾತಿಗೊಂದು 'ಲಾ' ಸೇರಿಸಿ, ತುಳಸಿ ಥರ್ಮಾಮೀಟರನ್ನು ಜಲಜಾಕ್ಷಮ್ಮನ ಹಣೆಗೆ ಗುರಿಯಿಟ್ಟಳು. ಅದು ಕೀಚ್ ಎಂದಿತು. ಅವಳು ಅದನ್ನು ನೋಡಿದಳು, ಮತ್ತೆ ಅವರ ಮುಖ ನೋಡಿದಳು. "ಥರ್ಟಿ ಸಿಕ್ಸ್ ಪಾಯಿಂಟ್ ಫೋರ್. ನಂಬರ್ ಓಕೆ. ಬಟ್ ಅಮ್ಮಾ ಸೇ ಹಾಟ್, ಸೋ ಹೌ? ರೈಟ್ ಯುವರ್ ಫೋನ್ ನಂಬರ್ ಸರ್, ಡಾಕ್ಟರ್ ವಿಲ್ ಕಾಲ್ ಯೂ," ಎಂದು ಒಂದು ರಿಜಿಸ್ಟರನ್ನು ಮುಂದೆ ತಳ್ಳಿದಳು.

ಹೀಗೆ ಒಂದೇ ಒಂದು ಶಬ್ದದ ದೆಸೆಯಿಂದ ಜಲಜಾಕ್ಷಮ್ಮ ಡಾಕ್ಟರ ಮುಖವನ್ನೂ ನೋಡದೆ ವಾಪಸು ಹೊರಟರು. ಮೂವತ್ತೊಂದು ವರ್ಷ ಮೈಸೂರಿನ ಶಾಲೆಯಲ್ಲಿ ಮಕ್ಕಳಿಗೆ ಕನ್ನಡ ಕಲಿಸಿದ ಟೀಚರಮ್ಮ ಅವರು. ಕಾರು ತಿರುಗುವಾಗ ಬೋರ್ಡಿನ ಕಡೆ ನೋಡಿದರು. Klinik ಎಂದು ಬರೆದಿತ್ತು. ಬಂದ ಮೊದಲ ವಾರ ಅದನ್ನು ಕಂಡು ಅವರಿಗೆ ಬಹಳ ಖುಷಿಯಾಗಿತ್ತು. ಬಾಯಲ್ಲಿ ಹೇಳಿದ ಹಾಗೇ ಬರೆಯುವ ದೇಶ, ನಮ್ಮ ಹಾಗೆ, ಎಂದು ಮಗಳಿಗೆ ಹೇಳಿ ನಕ್ಕಿದ್ದರು. ಈಗ ಹೇಳಿದ್ದು ಹೇಳಿದ ಹಾಗೆ ಕೇಳಿಸಿಕೊಳ್ಳುವವರು ಒಬ್ಬರೂ ಇಲ್ಲವಲ್ಲ ಎನ್ನಿಸಿತು.

ಅವರು ಬಂದದ್ದು ಎರಡು ಸಾವಿರದ ಇಪ್ಪತ್ತರ ಫೆಬ್ರವರಿಯಲ್ಲಿ, ಮಗಳು ಚೈತನ್ಯಾಳ ಜೊತೆ ಮೂರು ತಿಂಗಳು ಇದ್ದು ಹೋಗೋಣವೆಂದು. ಮಾರ್ಚಿನಲ್ಲಿ ಚೈತನ್ಯಾ ಬೇರೆ ರಾಜ್ಯದಲ್ಲಿರುವ ಬಯಾನ್ ಲೆಪಾಸಿನ ಕಾರ್ಖಾನೆಯಲ್ಲಿ ಹೊಸ ಮಿಷನ್ನು ಕೂಡಿಸಲು ಹತ್ತು ದಿನದ ಮಟ್ಟಿಗೆ ಹೋದಳು. ಅವಳು ಅಲ್ಲಿರುವಾಗಲೇ ಸರ್ಕಾರ ಎಲ್ಲವನ್ನೂ ಮುಚ್ಚಿತು. ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹೋಗುವ ಹಾಗಿಲ್ಲ ಎಂದಾಯಿತು. ಮಗಳ ಜೊತೆ ಇರಲು ಬಂದವರ ಪಾಲಿಗೆ ಉಳಿದದ್ದು ಅಳಿಯ. ಹನ್ನೊಂದನೆಯ ಮಹಡಿಯ ಎರಡು ರೂಮಿನ ಮನೆಯಲ್ಲಿ ಅತ್ತೆ ಅಳಿಯ ಇಬ್ಬರೇ, ಏಪ್ರಿಲ್ ಅರ್ಧ ಮುಗಿದರೂ.

ಕಿರಣ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು, ಬೈದುಕೊಳ್ಳಬಹುದಿತ್ತು. ಅವನು ಅತ್ತೆಗೆ ಕಾಫಿ ಮಾಡಿಕೊಡುತ್ತಿದ್ದ, ಕೊತ್ತಂಬರಿ ಸೊಪ್ಪನ್ನು ಒಂದೊಂದೇ ದಂಟಾಗಿ ಸೋಪಿನ ನೀರಲ್ಲಿ ತೊಳೆಯುತ್ತಿದ್ದ, ಲಿಫ್ಟಿನ ಗುಂಡಿ ಒತ್ತಲು ಕಿವಿ ತೆಗೆಯುವ ಕಡ್ಡಿ ಇಟ್ಟುಕೊಂಡಿದ್ದ. ಆ ದಿನಗಳಲ್ಲಿ ಅವನ ಪಾಲಿಗೆ ಲೋಕದಲ್ಲಿ ಇದ್ದದ್ದು ಒಂದೇ ಕಾಯಿಲೆ. ಜಲಜಾಕ್ಷಮ್ಮನೋ, ಮಗಳ ಮದುವೆಯ ದಿನದಿಂದ ಅಳಿಯನನ್ನು ಬಹುವಚನದಲ್ಲೇ ಇಟ್ಟಿದ್ದರು. 'ನೀವು ಊಟ ಮಾಡಿ, ನೀವು ಮಲಗಿ' ಎಂದು ತಾವು ಮಾತಾಡಿಸುವ ಹುಡುಗನ ಮುಂದೆ ಮೂತ್ರ ಉರಿಯುತ್ತದೆ ಎನ್ನುವುದು ಹೇಗೆ?

ಅದಕ್ಕೇ ಅವರು ಉಷ್ಣ ಎಂದಿದ್ದರು. ಬಹಳ ಅನುಕೂಲದ ಮಾತು ಅದು. ಬಾಯಿ ಹುಣ್ಣಾದರೆ ಉಷ್ಣ, ಕಣ್ಣು ಕೆಂಪಾದರೆ ಉಷ್ಣ, ಹೇಳಬಾರದ ಕಡೆ ಉರಿದರೂ ಉಷ್ಣ. ಮೈಸೂರಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಅವರನ್ನು ನೋಡುತ್ತಿದ್ದ ಡಾಕ್ಟರ್ ಪುಟ್ಟಣ್ಣನವರಿಗೆ ಅಷ್ಟು ಸಾಕಿತ್ತು. "ಉಷ್ಣ ಆಗಿದೆ ಡಾಕ್ಟ್ರೇ" ಎಂದರೆ, ಬರೆಯುತ್ತಿದ್ದ ಚೀಟಿಯಿಂದ ತಲೆ ಎತ್ತದೆ, "ಮೇಲಿಂದೋ, ಕೆಳಗಿಂದೋ?" ಎಂದು ಕೇಳುವರು. "ಕೆಳಗಿಂದು" ಎಂದರೆ ಮುಗಿಯಿತು. ಮತ್ತೊಂದು ಮಾತಿಲ್ಲದೆ ಪರೀಕ್ಷೆಗೆ ಕಳಿಸಿ, ಮಾತ್ರೆ ಬರೆದು, ಬಾರ್ಲಿ ನೀರು ಕುಡೀರಿ ಎನ್ನುವರು. ಆ ತಲೆ ಎತ್ತದೆ ಇರುವ ಗುಣವೊಂದಕ್ಕೇ ಜಲಜಾಕ್ಷಮ್ಮ ಮನೆ ಬದಲಾಯಿಸಿದರೂ ಡಾಕ್ಟರನ್ನು ಬದಲಾಯಿಸಿರಲಿಲ್ಲ.

ಎಂಟು ವರ್ಷದ ಹಿಂದೆ ಒಮ್ಮೆ ಮಾತ್ರ, ಪರೀಕ್ಷೆ ಪೇಪರು ತಿದ್ದುವ ಗಡಿಬಿಡಿಯಲ್ಲಿ, ಉರಿಯನ್ನು ಐದು ದಿನ ಬಿಟ್ಟಿದ್ದರು. ಮೊದಲು ಉರಿ, ಆಮೇಲೆ ಸೊಂಟದ ಮೇಲೆ ಬೆನ್ನುನೋವು, ಆಮೇಲೆ ಮೈಯೆಲ್ಲ ಅದುರುವ ಚಳಿಜ್ವರ. ಎಂಟು ದಿನ ಆಸ್ಪತ್ರೆ. "ಸಕ್ಕರೆ ಕಾಯಿಲೆ ಇರೋರು ನೀವು. ಇನ್ನೆರಡು ದಿನ ಬಿಟ್ಟಿದ್ರೆ ಕಿಡ್ನೀನೇ ಹೋಗ್ತಿತ್ತು, ಗೊತ್ತಾಯ್ತಾ?" ಎಂದು ಪುಟ್ಟಣ್ಣನವರು ಆ ದಿನ ಮಾತ್ರ ತಲೆ ಎತ್ತಿ ಬೈದಿದ್ದರು.

ಆದ್ದರಿಂದ ಕಾರಿನಲ್ಲಿ ಕೂತ ಜಲಜಾಕ್ಷಮ್ಮನಿಗೆ ತಮ್ಮ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಉರಿ ಶುರುವಾಗಿ ಎರಡು ದಿನ ಆಗಿದೆ. ಬೆನ್ನುನೋವು ಇನ್ನೂ ಬಂದಿಲ್ಲ. ನಿಜವಾದ ಜ್ವರವೇ ಬಂದುಬಿಟ್ಟರೆ ಈ ಊರಿನ ಯಾವ ಕ್ಲಿನಿಕ್ಕೂ ಬಾಗಿಲು ತೆಗೆಯುವುದಿಲ್ಲ. ಆಂಬುಲೆನ್ಸು ಬರುತ್ತದೆ, ಒಬ್ಬರನ್ನೇ ಕರೆದುಕೊಂಡು ಹೋಗುತ್ತದೆ, ಉಷ್ಣ ಎಂದರೆ ಏನೆಂದೇ ಗೊತ್ತಿಲ್ಲದ ಜನರ ನಡುವೆ ಮಲಗಿಸುತ್ತದೆ. ಅವರಿಗೆ ಭಯವಾಯಿತು.

ಮನೆಗೆ ಬಂದವನೇ ಕಿರಣ ತನ್ನ ಕರ್ತವ್ಯ ಶುರುಮಾಡಿದ. "ಅತ್ತೆ, ತಪ್ಪು ತಿಳ್ಕೋಬೇಡಿ, ಟೆಸ್ಟ್ ಆಗೋವರೆಗೆ ನೀವು ರೂಮಲ್ಲೇ ಇದ್ಬಿಡಿ. ಊಟ ಬಾಗಿಲ ಹತ್ರ ಇಡ್ತೀನಿ."

"ನನಗೇನೂ ಆಗಿಲ್ಲ, ನೀವು ಸುಮ್ನೆ ಗಾಬರಿ ಮಾಡ್ಕೋಬೇಡಿ."

"ಉಷ್ಣ ಅಂದ್ರಲ್ಲ?"

"ಹೂಂ, ಉಷ್ಣ."

"ಅದೇ ಮತ್ತೆ."

ದಿನಕ್ಕೆ ಆರು ಸಲ ಅವನು ಬಾಗಿಲ ಸಂದಿಯಿಂದ ಥರ್ಮಾಮೀಟರು ಚಾಚುವನು. ಆರು ಸಲವೂ ಅದು ಮೂವತ್ತಾರೂವರೆಯ ಆಸುಪಾಸಿನಲ್ಲೇ ನಿಲ್ಲುವುದು. ಕಿರಣ ಅದನ್ನು ಕಂಪ್ಯೂಟರಿನಲ್ಲಿ ಬರೆದಿಟ್ಟು, ಗೆರೆ ಎಳೆದು, ಏರಲು ಒಪ್ಪದ ಆ ಗೆರೆಯನ್ನು ಅನುಮಾನದಿಂದ ನೋಡುವನು.

ಕಷ್ಟವಿದ್ದದ್ದು ಬೇರೆ ಕಡೆ. ಬಚ್ಚಲುಮನೆಗೆ ಹೋಗಬೇಕಾದರೆ ಹಾಲು ದಾಟಬೇಕು. ಹಾಲಿನ ನಡುವೆ ಕಿರಣನ ಮೇಜು. ಸೈಬರ್‌ಜಯಾದ ಅವನ ಆಫೀಸು ಈಗ ಆ ಮೇಜಿನ ಮೇಲೇ ನಡೆಯುತ್ತಿತ್ತು. ಜಲಜಾಕ್ಷಮ್ಮ ಸೆರಗು ಹೊದ್ದು, ಗೋಡೆಯ ಪಕ್ಕಕ್ಕೆ ಸರಿದು, ಬೆಕ್ಕಿನ ಹೆಜ್ಜೆಯಲ್ಲಿ ಹೋಗುವರು. ಹತ್ತು ನಿಮಿಷಕ್ಕೆ ಮತ್ತೆ ಹೋಗುವರು. ಪ್ರತಿ ಸಲವೂ ಕಿರಣ ಕ್ಯಾಮೆರಾ ಆಫ್ ಮಾಡಿ, ಮಾಸ್ಕ್ ಏರಿಸಿ, ಅವರು ದಾಟಿದ ಮೇಲೆ ಗಾಳಿಗೆ ಸ್ಪ್ರೇ ಹೊಡೆಯುವನು. ಸಂಜೆಯ ಹೊತ್ತಿಗೆ ಅವನ ಆಫೀಸಿನವರು ನಿಮ್ಮ ಇಂಟರ್ನೆಟ್ಟಿಗೆ ಏನಾಗಿದೆ ಎಂದು ಕೇಳಿದರಂತೆ.

ಮರುದಿನ ಸಂಜೆ ಚೈತನ್ಯಾ ವೀಡಿಯೋದಲ್ಲಿ ಬಂದಳು. ಕಿರಣ ಲ್ಯಾಪ್‌ಟಾಪನ್ನು ರೂಮಿನ ಬಾಗಿಲ ಎದುರು ಸ್ಟೂಲಿನ ಮೇಲಿಟ್ಟು ಪಕ್ಕದಲ್ಲೇ ನಿಂತ.

"ಏನಮ್ಮಾ, ಮೈ ಬಿಸಿ ಅಂತೆ?"

"ಬಾಯಿ ಹುಣ್ಣು ಕಣೇ. ಸ್ವಲ್ಪ ಉಷ್ಣ."

"ಅಷ್ಟೇ ತಾನೆ? ಮಜ್ಜಿಗೆ ಕುಡಿ."

ಮಗಳಿಗಾದರೂ ಹೇಳಬಹುದಿತ್ತು. ಆದರೆ ಮಗಳಿಗೆ ಹೇಳಿದ್ದು ಅವಳ ಗಂಡನಿಗೆ ಹೋಗದೆ ಇರುತ್ತದೆಯೇ? ಅವನು ಅದನ್ನೂ ಕಂಪ್ಯೂಟರಿನಲ್ಲಿ ಬರೆದುಕೊಂಡರೆ?

ಮರುದಿನ ಬೆಳಿಗ್ಗೆ ಹಲ್ಲುಜ್ಜಲು ಬಗ್ಗಿದಾಗ ಸೊಂಟದ ಮೇಲೆ, ಎಡಗಡೆ, ಯಾರೋ ಬೆರಳಿಟ್ಟು ಒತ್ತಿದ ಹಾಗಾಯಿತು. ಜಲಜಾಕ್ಷಮ್ಮ ಬಾಯಿ ಮುಕ್ಕಳಿಸಿ ಕನ್ನಡಿ ನೋಡಿಕೊಂಡರು. ಬಂತು.

ಪೆಟ್ಟಿಗೆಯಿಂದ ತಮ್ಮ ಫೋನ್ ನಂಬರಿನ ಪುಸ್ತಕ ತೆಗೆದರು. ಅದು ಅವರೇ ಮಾಡಿಕೊಂಡದ್ದು. ಇನ್ನೂರು ಪುಟದ ನೋಟುಬುಕ್ಕಿನ ಅಂಚನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿ, ಅ ಆ ಇ ಈ ಎಂದು ಕೆಂಪು ಶಾಯಿಯಲ್ಲಿ ಬರೆದದ್ದು. ಅದರಲ್ಲಿ ಪ್ರತಿಯೊಬ್ಬರಿಗೂ ಹೆಸರು, ಇನಿಷಿಯಲ್ಲು, ಊರು ಎಲ್ಲ ಉಂಟು. 'ಡ' ಪುಟದಲ್ಲಿ ಮಾತ್ರ ಒಂದೇ ಸಾಲು, ಹೆಸರಿಲ್ಲದೆ: ಡಾಕ್ಟ್ರು. ಮುಂದೆ ನಂಬರು.

"ಈ ನಂಬರಿಗೆ ಸ್ವಲ್ಪ ಹಾಕ್ಕೊಡ್ತೀರಾ?" ಎಂದು ಬಾಗಿಲ ಸಂದಿಯಿಂದ ಪುಸ್ತಕ ಚಾಚಿದರು. ಕಿರಣ ಹಾಕಿ, ಸ್ಪೀಕರಿಗೆ ಬಿಟ್ಟ. ಮೈಸೂರಿನಲ್ಲಿ, ಸರಸ್ವತಿಪುರದ ಆ ಮೂಲೆಯ ಕ್ಲಿನಿಕ್ಕಿನಲ್ಲಿ ಫೋನು ಹೊಡೆದುಕೊಂಡಿತು. ಹಸಿರು ಬಟ್ಟೆ ಹೊದಿಸಿದ ಮೇಜು, ಅದರ ಮೇಲಿನ ಕಪ್ಪು ಫೋನು, ಎರಡೂ ಜಲಜಾಕ್ಷಮ್ಮನಿಗೆ ಕಣ್ಣಿಗೆ ಕಟ್ಟಿದಂತೆ ಕಂಡವು. ಅಲ್ಲೂ ಲಾಕ್‌ಡೌನು. ಎಪ್ಪತ್ತನಾಲ್ಕರ ಡಾಕ್ಟರು ಮನೆಯಲ್ಲಿ ಕೂತಿರಬೇಕು. ಮೊಬೈಲು ಇಟ್ಟುಕೊಳ್ಳುವ ಪೈಕಿಯಲ್ಲ. ಫೋನು ಹೊಡೆದು ಹೊಡೆದು ತಾನೇ ನಿಂತಿತು.

"ಇನ್ನೊಂದ್ಸಲ ಹಾಕ್ಲಾ ಅತ್ತೆ?"

"ಬೇಡ ಬಿಡಿ," ಎಂದರು ಜಲಜಾಕ್ಷಮ್ಮ. ಪುಸ್ತಕ ಒಳಗೆ ಎಳೆದುಕೊಂಡು ಬಾಗಿಲು ಮುಚ್ಚಿದರು.

ಅವನು ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತ. "ಅತ್ತೆ, ನಿಜ ಹೇಳಿ. ಏನಾಗ್ತಿದೆ ನಿಮಗೆ? ಟೆಂಪರೇಚರ್ ಇಲ್ಲ, ಕೆಮ್ಮಿಲ್ಲ. ನಂಗೆ ಅರ್ಥಾನೇ ಆಗ್ತಿಲ್ಲ. ನಂಗೂ ಭಯ ಆಗ್ತಿದೆ, ಚೈತನ್ಯಾಗೆ ಏನಂತ ಹೇಳಲಿ?"

ಬಾಗಿಲ ಈ ಕಡೆ ಜಲಜಾಕ್ಷಮ್ಮನೂ ನೆಲದ ಮೇಲೇ ಕೂತರು. ಪಾಪ ಎನ್ನಿಸಿತು. ಹೇಳಿಬಿಡಲೇ ಎಂದು ಬಾಯಿ ತೆರೆದರು. ಬಂದದ್ದು ಅದೇ.

"ಉಷ್ಣ."

ಅಷ್ಟರಲ್ಲಿ ಕಿರಣನ ಫೋನು ಹೊಡೆದುಕೊಂಡಿತು. ಕ್ಲಿನಿಕ್ಕಿನ ಡಾಕ್ಟರು. ಹಿಂದಿನ ದಿನವೂ ಮಾಡಿದ್ದರಂತೆ, ಮೀಟಿಂಗಿನ ನಡುವೆ ಅವನೇ ಕತ್ತರಿಸಿದ್ದ. ಕಿರಣ ಸ್ಪೀಕರಿಗೆ ಹಾಕಿದ.

"ಹಲೋ, ಡಾಕ್ಟರ್ ಊಯ್ ಹಿಯರ್," ಎಂದಿತು ಒಂದು ಹೆಣ್ಣುದನಿ, ಸ್ವಲ್ಪ ವಯಸ್ಸಾದದ್ದು, ಚುರುಕಾದದ್ದು.

ಊಯ್? ಇದೇನು ಹೆಸರೋ, ಬೀದಿಯಲ್ಲಿ ಹೋಗುವವರನ್ನು ಕೂಗಿದ್ದೋ ಎಂದುಕೊಂಡರು ಜಲಜಾಕ್ಷಮ್ಮ. ನೋವಿನಲ್ಲೂ ನಗು ಬಂತು.

ಕಿರಣ ಎರಡು ದಿನದ ಟೆಂಪರೇಚರುಗಳನ್ನು ಒಂದೂ ಬಿಡದೆ ಒಪ್ಪಿಸಿದ. ಡಾಕ್ಟರು ತಾಳ್ಮೆಯಿಂದ ಕೇಳಿಸಿಕೊಂಡರು.

"ಮಿಸ್ಟರ್ ಕಿರಣ್, ನೋ ಫೀವರ್ ಲಾ. ಸೋ ವೈ ಯೂ ಸೇ ಹಾಟ್?"

"ನಾನಲ್ಲ ಡಾಕ್ಟರ್, ಶಿ ಸೇಸ್. ನಮ್ಮ ಭಾಷೆಯಲ್ಲಿ ಒಂದು ವರ್ಡ್ ಇದೆ, ಉಷ್ಣ ಅಂತ. ಅಂದ್ರೆ, ಹೌ ಟು ಸೇ... ಬಾಡಿ ಇನ್‌ಸೈಡ್ ಹಾಟ್. ಟೂ ಮಚ್ ಮ್ಯಾಂಗೋ ತಿಂದ್ರೆ ಆಗುತ್ತಲ್ಲ, ಆ ಥರ," ಎಂದು ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ಕಿರಣ ತಡವರಿಸಿದ.

"ಅಯ್ಯೋ!" ಎಂದರು ಡಾಕ್ಟರು. ಮಲೇಷಿಯಾದಲ್ಲಿ ಚೀನಿಯರೂ ಅಯ್ಯೋ ಎನ್ನುತ್ತಾರೆ. "ಹೀಟಿ! ಯುವರ್ ಮದರ್ ಇನ್ ಲಾ ಈಸ್ ಹೀಟಿ ಲಾ!"

ಆರು ವರ್ಷದಿಂದ ಈ ದೇಶದಲ್ಲಿ ಊಟ ಮಾಡುತ್ತಿದ್ದ ಕಿರಣನಿಗೆ ಆ ಮಾತು ಗೊತ್ತಿತ್ತು. ಡುರಿಯನ್ ಹಣ್ಣು ತಿಂದರೆ ಹೀಟಿ, ಕರಿದದ್ದು ತಿಂದರೆ ಹೀಟಿ, ಗಂಟಲು ಕೆರೆದರೆ ಹೀಟಿ. ಆಫೀಸಿನಲ್ಲಿ ದಿನಾ ಕೇಳುವ ಆ ಶಬ್ದವನ್ನೂ ಅತ್ತೆಯ ಉಷ್ಣವನ್ನೂ ಅವನು ಒಂದೇ ತಕ್ಕಡಿಯಲ್ಲಿ ಇಟ್ಟು ನೋಡಿರಲೇ ಇಲ್ಲ.

"ಆಸ್ಕ್ ಹರ್," ಎಂದರು ಡಾಕ್ಟರು, ಏನೋ ಬರೆಯುತ್ತಿರುವ ದನಿಯಲ್ಲಿ. "ಹೀಟಿ ಅಪ್‌ಸ್ಟೇರ್ಸ್ ಆ, ಹೀಟಿ ಡೌನ್‌ಸ್ಟೇರ್ಸ್?"

"ಅಪ್‌ಸ್ಟೇರ್ಸ್? ನಾವಿರೋದು ಇಲೆವೆಂತ್ ಫ್ಲೋರ್, ಡಾಕ್ಟರ್."

"ನಾಟ್ ಯುವರ್ ಹೌಸ್! ಜಸ್ಟ್ ಆಸ್ಕ್ ಹರ್."

ಕಿರಣ ಬಾಗಿಲ ಕಡೆ ತಿರುಗಿದ. "ಅತ್ತೆ, ಏನೋ ಕೇಳ್ತಿದಾರೆ, ನಂಗೊತ್ತಿಲ್ಲ. ಉಷ್ಣ ಮೇಲಿಂದೋ, ಕೆಳಗಿಂದೋ ಅಂತೆ."

ಬಾಗಿಲು ಧಡಾರನೆ ತೆರೆಯಿತು. ಎರಡು ದಿನದಿಂದ ಗೋಡೆಗೆ ಅಂಟಿಕೊಂಡು ಓಡಾಡುತ್ತಿದ್ದ ಜಲಜಾಕ್ಷಮ್ಮ ಹೊಸ್ತಿಲ ಮೇಲೆ ನಿಂತಿದ್ದರು. ಮಾಸ್ಕಿಲ್ಲ, ಸೆರಗು ಎಲ್ಲೋ. ಅಳಿಯನ ಕೈಯಿಂದ ಫೋನು ಕಿತ್ತುಕೊಂಡು, ಕೊನೆಯ ಬೆಂಚಿನ ಹುಡುಗರಿಗೂ ಕೇಳಿಸುವ ತಮ್ಮ ಟೀಚರ್ ದನಿಯಲ್ಲಿ ಕೂಗಿದರು.

"ಡೌನ್‌ಸ್ಟೇರ್ಸ್! ಡಾಕ್ಟರ್, ಡೌನ್‌ಸ್ಟೇರ್ಸ್!"

ಕಿರಣನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಆದ ಮೇಲೆ ಅವನ ಕಿವಿ ಕೆಂಪಾಯಿತು.

"ಗುಡ್, ಆಂಟಿ," ಎಂದರು ಡಾಕ್ಟರ್ ಊಯ್. "ಮಿಸ್ಟರ್ ಕಿರಣ್, ಯೂ ಗೋ ಟು ಬಾಲ್ಕನಿ. ಕ್ಲೋಸ್ ದ ಡೋರ್."

ಕಿರಣ ತರಗತಿಯಿಂದ ಹೊರಗೆ ಹಾಕಿಸಿಕೊಂಡ ಹುಡುಗನ ಹಾಗೆ ಬಾಲ್ಕನಿಯಲ್ಲಿ ನಿಂತು, ಒಬ್ಬರೂ ಇಲ್ಲದ ಎಲ್‌ಆರ್‌ಟಿ ರೈಲು ಕೆಳಗೆ ಹಾದುಹೋಗುವುದನ್ನು ನೋಡಿದ. ಒಳಗೆ ಜಲಜಾಕ್ಷಮ್ಮ ತಮಗೆ ಬರುವಷ್ಟು ಇಂಗ್ಲಿಷಿನಲ್ಲಿ, ಅಂಥ ಮಾತಿಗೆ ಅಷ್ಟೇ ಸಾಕು, ಎಲ್ಲ ಹೇಳಿದರು. ದಿನಕ್ಕೆ ಎಷ್ಟು ಸಲ? ಟ್ವೆಂಟಿ. ಸಕ್ಕರೆ ಇದೆಯೇ? ಎಸ್, ಟೆನ್ ಇಯರ್ಸ್. ಬೆನ್ನುನೋವು? ಟುಡೇ ಮಾರ್ನಿಂಗ್. ಅಲ್ಲಿಗೆ ಆ ಕಡೆಯ ದನಿ ಬಿಗಿಯಾಯಿತು.

"ಕಮ್ ನೌ, ಆಂಟಿ. ನಾಟ್ ಟುಮಾರೋ. ಆಂಡ್ ಡೋಂಟ್ ಗೋ ಟಾಯ್ಲೆಟ್. ಐ ನೀಡ್ ಟು ಟೆಸ್ಟ್. ಹೋಲ್ಡ್, ಓಕೆ?"

ಹತ್ತು ನಿಮಿಷಕ್ಕೊಮ್ಮೆ ಓಡುವವರಿಗೆ ತಡೆದುಕೊಂಡು ಬಾ ಎಂದರೆ! ಜಲಜಾಕ್ಷಮ್ಮ ಹಲ್ಲು ಕಚ್ಚಿ ಕಾರು ಹತ್ತಿದರು. ಕಿರಣ ಉಬ್ಬು ಬಂದಲ್ಲೆಲ್ಲ ಕಾರನ್ನು ಇರುವೆಯ ಹಾಗೆ ನಡೆಸಿದ. "ಜೋರಾಗಿ ಬಿಡಿ," ಎಂದರು ಅವರು. ಬಿಟ್ಟ. "ಅಯ್ಯೋ, ಮೆಲ್ಲಗೆ ಬಿಡಿ."

ಅರ್ಧ ದಾರಿಯಲ್ಲಿ ಪೊಲೀಸರ ತಡೆ. ಒಬ್ಬರೇ ಹೊರಡಬೇಕಿದ್ದಾಗ ಇಬ್ಬರು ಯಾಕೆ ಹೊರಟಿರಿ ಎಂದು ಮಲಯ್ ಭಾಷೆಯಲ್ಲಿ ಕೇಳಿದ ಪೊಲೀಸಿನವನು ಕಾರಿನೊಳಗೆ ಇಣುಕಿದ. ಕ್ಲಿನಿಕ್ಕಿಗೆ ಎಂದ ಕಿರಣ. ಏನು ಕಾಯಿಲೆ? ಫೀವರ್ ಎನ್ನುವ ಶಬ್ದ ಕಿರಣನ ನಾಲಿಗೆಯ ತುದಿಯವರೆಗೂ ಬಂದಿತ್ತು. ನುಂಗಿಕೊಂಡ.

"ಹೀಟಿ," ಎಂದ.

ಪೊಲೀಸಿನವನ ಕಣ್ಣುಗಳು ಮಾಸ್ಕಿನ ಮೇಲೆ ನಗುವಿನಿಂದ ಸಣ್ಣಗಾದವು. ಜಲಜಾಕ್ಷಮ್ಮನ ಕಡೆ ಬಗ್ಗಿ, "ಆಯೆರ್ ಬಾರ್ಲಿ, ಮಚಿಕ್! ಆಯೆರ್ ಬಾರ್ಲಿ!" ಎಂದು ಲೋಟ ಎತ್ತಿ ಕುಡಿಯುವ ಅಭಿನಯ ಮಾಡಿ, ಕೈಬೀಸಿ ಕಳಿಸಿದ.

"ಏನಂದ?"

"ಆಂಟಿ ಬಾರ್ಲಿ ನೀರು ಕುಡೀಬೇಕಂತೆ, ಅತ್ತೆ."

"ಪೊಲೀಸಿನವನಿಗೂ ಗೊತ್ತು!" ಎಂದರು ಜಲಜಾಕ್ಷಮ್ಮ. ನಗಬೇಕೆನ್ನಿಸಿತು, ಆದರೆ ಆ ಸ್ಥಿತಿಯಲ್ಲಿ ನಗುವುದು ಅಪಾಯವಾಗಿತ್ತು. "ಮಾತಾಡಿಸ್ಬೇಡಿ, ನಗಿಸ್ಬೇಡಿ, ಸುಮ್ನೆ ಓಡಿಸಿ."

ಕ್ಲಿನಿಕ್ಕಿನಲ್ಲಿ ತುಳಸಿ ಮೇಜನ್ನು ಪಕ್ಕಕ್ಕೆ ಎಳೆದು, ಕೈಗೆ ಪ್ಲಾಸ್ಟಿಕ್ ಬಟ್ಟಲು ಕೊಟ್ಟು, ಮೊದಲು ಬಚ್ಚಲಿನ ದಾರಿ ತೋರಿಸಿದಳು. ಆ ಕ್ಷಣಕ್ಕೆ ತುಳಸಿಯಷ್ಟು ಒಳ್ಳೆಯ ಹೆಂಗಸು ಭೂಮಿಯ ಮೇಲೆ ಇನ್ನೊಬ್ಬಳಿಲ್ಲ ಎನ್ನಿಸಿತು ಜಲಜಾಕ್ಷಮ್ಮನಿಗೆ.

ಡಾಕ್ಟರ್ ಊಯ್ ಮೈತುಂಬ ಬಿಳಿ ಚೀಲ ತೊಟ್ಟು, ಮುಖಕ್ಕೆ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು ಕೂತಿದ್ದರು. ಕಾಣುತ್ತಿದ್ದದ್ದು ಎರಡು ಕಣ್ಣು. ಆದರೆ ಜಲಜಾಕ್ಷಮ್ಮ ಎದುರಿಗೆ ಕೂತಾಗ ಅವರು ಕಾಗದದ ಮೇಲೆ ಬಗ್ಗಿ ಬರೆಯುತ್ತಲೇ ಇದ್ದರು, ಮುಜುಗರದ ಪ್ರಶ್ನೆಗಳನ್ನೆಲ್ಲ ತಲೆ ಎತ್ತದೆ ಕೇಳಿ ಮುಗಿಸಿದರು. ಆಮೇಲೆ ಎದ್ದು ಬಂದು ಬೆನ್ನ ಮೇಲೆ ಎಡಕ್ಕೊಂದು ಬಲಕ್ಕೊಂದು ಮುಷ್ಟಿಯಿಂದ ಮೆಲ್ಲಗೆ ಗುದ್ದಿದರು. ಎಡಕ್ಕೆ ಗುದ್ದಿದಾಗ ಜಲಜಾಕ್ಷಮ್ಮ ಅಮ್ಮಾ ಎಂದರು.

"ಜಸ್ಟ್ ಸ್ಟಾರ್ಟಿಂಗ್. ಲಕ್ಕಿ ಲಾ, ಆಂಟಿ. ಟೂ ಮೋರ್ ಡೇಸ್, ಕಿಡ್ನಿ." ಮಾತ್ರೆಗಳ ವಿವರ ಹೇಳಿದರು. ದಿನಕ್ಕೆರಡು, ಒಂದು ವಾರ, ಒಂದೂ ತಪ್ಪಿಸುವ ಹಾಗಿಲ್ಲ. ಮೈ ಬಿಸಿಯಾದರೆ, ವಾಂತಿಯಾದರೆ ಆ ಗಳಿಗೆಯಲ್ಲೇ ಫೋನು ಮಾಡಬೇಕು. ನಾಳೆ ತಾವೇ ಫೋನು ಮಾಡುವುದಾಗಿ ಹೇಳಿದರು.

ಜಲಜಾಕ್ಷಮ್ಮ ಏಳಲಿಲ್ಲ. "ಹೌ ಯೂ ನೋ?" ಎಂದು ಕೇಳಿದರು. "ಉಷ್ಣ, ಡೌನ್‌ಸ್ಟೇರ್ಸ್. ಹೌ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಮೈ ಮದರ್," ಎಂದರು. "ಎಯ್ಟಿ ಫೋರ್. ನೆವರ್ ಟೆಲ್ ಪ್ರಾಪರ್ಲಿ. ಆಲ್ ಮೈ ಲೈಫ್, ಓನ್ಲಿ ಸೇ ಹೀಟಿ, ಹೀಟಿ. ಐ ಆಮ್ ಡಾಕ್ಟರ್, ಸ್ಟಿಲ್ ಶಿ ವಿಲ್ ನಾಟ್ ಟೆಲ್ ಮೀ."

ಇಬ್ಬರೂ ನಕ್ಕರು. ಡಾಕ್ಟರ ಮುಖದ ಹಾಳೆ ಮಂಜು ಕವಿದು ಕಣ್ಣೂ ಕಾಣದಾಯಿತು. ಜಲಜಾಕ್ಷಮ್ಮನಿಗೆ ಒಂದಾಸೆ ಹುಟ್ಟಿತು, ತಡೆದುಕೊಳ್ಳಲಿಲ್ಲ. ಇಷ್ಟೆಲ್ಲ ಹೇಳಿಕೊಂಡ ಮೇಲೆ ಮುಖ ನೋಡದೆ ಹೋಗುವುದೇ? ತಮ್ಮ ಮುಖವನ್ನು ಮುಟ್ಟಿ ತೋರಿಸಿ, "ಫೇಸ್, ಪ್ಲೀಸ್," ಎಂದರು.

ಡಾಕ್ಟರು ಬೇಡವೆಂದು ತಲೆಯಾಡಿಸಿದರು. ಜಲಜಾಕ್ಷಮ್ಮ ಹೊರಗೆ ಬಂದು ಕಾರಿನ ಬಾಗಿಲು ತೆಗೆಯುವಾಗ ಗಾಜಿನ ಮೇಲೆ ಟಕ್ ಟಕ್ ಎಂದು ಸದ್ದಾಯಿತು. ತಿರುಗಿ ನೋಡಿದರೆ ಮುಚ್ಚಿದ ಗಾಜಿನ ಬಾಗಿಲ ಒಳಗೆ ಡಾಕ್ಟರ್ ಊಯ್. ಹಾಳೆ ಎತ್ತಿ, ಮಾಸ್ಕು ಕೆಳಗೆ ಎಳೆದರು. ದುಂಡುಮುಖ, ಮಾಸ್ಕಿನ ದಾರ ಕೊರೆದ ಗೆರೆಗಳು, ನಕ್ಕಾಗ ಒಂದೇ ಕೆನ್ನೆಯಲ್ಲಿ ಗುಳಿ. ಅರ್ಧ ನಿಮಿಷವೂ ಇಲ್ಲ, ಮತ್ತೆ ಮುಚ್ಚಿಕೊಂಡರು. ಜಲಜಾಕ್ಷಮ್ಮ ಎರಡೂ ಕೈ ಎತ್ತಿ ಮುಗಿದರು.

ತುಳಸಿ ಮಾತ್ರೆಯ ಪೊಟ್ಟಣ ತಂದು ಕಾರಿನ ಕಿಟಕಿಯಲ್ಲಿ ಕೊಟ್ಟಳು. "ನೀರ್ ಸೂಡಾ, ಅಮ್ಮಾ? ಅನ್ನಿಕ್ಕೇ ಎನ್‌ಗಿಟ್ಟ ಸೊಲ್ಲಿರುಕ್ಕಲಾಮೇ," ಎಂದಳು, ಉರಿಮೂತ್ರವಾ ಅಮ್ಮಾ, ಅವತ್ತೇ ನನ್ನ ಹತ್ತಿರ ಹೇಳಬಾರದಿತ್ತೇ ಎಂದು ತಮಿಳಿನಲ್ಲಿ. ಮೈಸೂರಿನವರಿಗೆ ಅಷ್ಟು ತಮಿಳು ಬಾರದೆ ಇರುತ್ತದೆಯೇ? ಜಲಜಾಕ್ಷಮ್ಮ ಹಣೆ ಚಚ್ಚಿಕೊಂಡರು.

ದಾರಿಯಲ್ಲಿ ಕಿರಣ ರಸ್ತೆಯನ್ನೇ ನೋಡುತ್ತಾ, "ಸಾರಿ ಅತ್ತೆ. ನಂಗೆ ಹೇಳ್ಬಹುದಿತ್ತು ನೀವು. ಕೆಳಗಿನ ಉಷ್ಣ ಅಂದಿದ್ರೆ ಸಾಕಾಗಿತ್ತು," ಎಂದ.

"ಅಂದಿದ್ರೆ ಅರ್ಥ ಆಗ್ತಿತ್ತಾ ನಿಮಗೆ?"

ಕಿರಣ ಯೋಚಿಸಿದ. "ಇಲ್ಲ," ಎಂದ. "ಕೆಳಗಡೆ ಮನೇಲಿ ಯಾರಿಗೋ ಕೋವಿಡ್ ಬಂದಿದೆ ಅಂದ್ಕೋತಿದ್ದೆ."

ಈಗ ನಗಲು ಯಾವ ಅಪಾಯವೂ ಇರಲಿಲ್ಲ. ಜಲಜಾಕ್ಷಮ್ಮ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಖಾಲಿ ರಸ್ತೆಯ ಕೆಂಪು ದೀಪದಲ್ಲಿ ಕಿರಣ ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ನಕ್ಕ. "ಕಿರಣಾ, ಹಸಿರು ಬಂತು, ನಡಿ," ಎಂದರು ಅವರು. ಹೇಳಿದ ಮೇಲೆ ತಮ್ಮ ಬಾಯಿಂದ ಏಕವಚನ ಬಂದದ್ದು ಗೊತ್ತಾಯಿತು. ಅವನು ಗೇರು ಹಾಕಿದ. ಕಿವಿ ಮತ್ತೆ ಕೆಂಪಾಯಿತು.

ಜ್ವರ ಬರಲಿಲ್ಲ. ಮೂರನೆಯ ದಿನ ಬೆನ್ನುನೋವು ಹೋಯಿತು. ಡಾಕ್ಟರ್ ಊಯ್ ದಿನಾ ಮಧ್ಯಾಹ್ನ ಫೋನು ಮಾಡಿ, ಹಲೋ ಕೂಡ ಅನ್ನದೆ, "ಡೌನ್‌ಸ್ಟೇರ್ಸ್ ಹೌ?" ಎನ್ನುವರು. ಕಿರಣ ಫೋನನ್ನು ಅತ್ತೆಯ ಕೈಗೆ ಕೊಟ್ಟು ತಾನಾಗಿಯೇ ಬಾಲ್ಕನಿಗೆ ಹೋಗುವನು. ಎಂಟನೆಯ ದಿನ ಮತ್ತೆ ತೋರಿಸಲು ಹೋದಾಗ, ಬಾಗಿಲ ಮೇಜಿನ ಹಿಂದಿನಿಂದ ತುಳಸಿ ಮುಂದಿನವರನ್ನು ಕೇಳುತ್ತಿದ್ದಳು: "ಫೀವರ್ ಆ, ಅಂಕಲ್? ಆರ್ ಹೀಟಿ?"

ಮೇ ತಿಂಗಳ ಮೊದಲ ವಾರ, ಒಂದು ಬೆಳಿಗ್ಗೆ, ಸರಸ್ವತಿಪುರದ ಫೋನನ್ನು ಯಾರೋ ಎತ್ತಿದರು.

"ಯಾರು?"

"ಡಾಕ್ಟ್ರೇ, ನಾನು ಜಲಜಾಕ್ಷಿ. ಮಲೇಷಿಯಾದಿಂದ."

"ಓಹೋ, ಟೀಚರಮ್ಮ! ಇವತ್ತೇ ಬಾಗಿಲು ತೆಗೆದೆ ನೋಡಿ. ಏನ್ ಸಮಾಚಾರ?"

"ಉಷ್ಣ ಆಗಿತ್ತು."

"ಮೇಲಿಂದೋ, ಕೆಳಗಿಂದೋ?"

"ಕೆಳಗಿಂದು. ವಾಸಿ ಆಯ್ತು. ಇಲ್ಲಿ ಒಬ್ರು ನೋಡಿದ್ರು. ಊಯ್."

"ಹಾಂ? ಯಾರನ್ನ ಕೂಗ್ತಿದೀರಿ?"

"ಅವರ ಹೆಸರೇ ಅದು ಡಾಕ್ಟ್ರೇ."

ಪುಟ್ಟಣ್ಣನವರು ಮಾತ್ರೆಯ ಹೆಸರು ಕೇಳಿದರು. ಜಲಜಾಕ್ಷಮ್ಮ ಪೊಟ್ಟಣ ನೋಡಿ ಅಕ್ಷರ ಅಕ್ಷರವಾಗಿ ಓದಿದರು. ಆ ಕಡೆ ಪೆನ್ನು ಕಾಗದದ ಮೇಲೆ ಸರಸರ ಓಡುವುದು ಕೇಳಿಸಿತು. "ಸರಿಯಾಗೇ ಕೊಟ್ಟಿದಾರೆ. ಬಾರ್ಲಿ ನೀರು ಹೇಳಿದ್ರಾ?"

"ಅದನ್ನ ಪೊಲೀಸಿನವನು ಹೇಳಿದ."

ಕಥೆಯೆಲ್ಲ ಕೇಳಿ ಪುಟ್ಟಣ್ಣನವರು ನಕ್ಕ ನಗು ಸ್ಪೀಕರಿನಿಂದ ಹೊರಬಿದ್ದು ಅಡುಗೆಮನೆಯವರೆಗೂ ಹೋಯಿತು. ಅಲ್ಲಿ ಕಿರಣ ಬಾರ್ಲಿ ಬೇಯಿಸುತ್ತಿದ್ದ. ಹಾಲಿನಲ್ಲಿ ಲ್ಯಾಪ್‌ಟಾಪಿನೊಳಗೆ ಚೈತನ್ಯಾ, "ಏನಮ್ಮಾ ಅದು, ಯಾರು ನಗ್ತಿರೋದು, ನಂಗೂ ಹೇಳೇ," ಎಂದು ಕೂಗುತ್ತಿದ್ದಳು.

"ಬಂದೆ ಇರೇ," ಎಂದರು ಜಲಜಾಕ್ಷಮ್ಮ.

ಫೋನಿಟ್ಟು ಪೆಟ್ಟಿಗೆಯಿಂದ ಪುಸ್ತಕ ತೆಗೆದರು. 'ಊ' ಪುಟ ತೆರೆದರು. ಇಷ್ಟು ವರ್ಷದಲ್ಲಿ ಆ ಅಕ್ಷರದವರು ಒಬ್ಬರೂ ಸಿಕ್ಕಿರಲಿಲ್ಲ, ಪುಟ ಹೊಸದಾಗಿಯೇ ಇತ್ತು. ಪೆನ್ನು ಅದರ ಮೇಲೆ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಪುಟಗಳನ್ನು ಮಗುಚುತ್ತಾ ಹೋಗಿ 'ಡ' ತೆರೆದರು. ಅಲ್ಲಿದ್ದ ಒಂದೇ ಸಾಲಿನ ಕೆಳಗೆ ಪುಚೊಂಗಿನ ಕ್ಲಿನಿಕ್ಕಿನ ನಂಬರನ್ನು ಒಂದೊಂದೇ ಅಂಕಿಯಾಗಿ ಬರೆದರು. ನಂಬರಿನ ಹಿಂದೆ, ಮಕ್ಕಳ ಕಾಪಿ ಪುಸ್ತಕಕ್ಕೆ ಮೇಲ್ಪಂಕ್ತಿ ಹಾಕುವ ಹಾಗೆ ದುಂಡಗೆ, ಮೇಲಿನ ಸಾಲಿನಲ್ಲಿದ್ದ ಶಬ್ದವನ್ನೇ ಬರೆದರು: ಡಾಕ್ಟ್ರು.

ಶಾಯಿ ಆರಲೆಂದು ಪುಸ್ತಕವನ್ನು ಫ್ಯಾನಿನ ಕೆಳಗೆ ತೆರೆದಿಟ್ಟು, ಮಗಳ ಹತ್ತಿರ ಮಾತಾಡಲು ಹೋದರು.